ಕೊಳದ ಸುತ್ತ ಊಟದ ಮನೆ: ಕ್ಯಾಂಟನ್ನಿನ ತೋಟದ ಹೋಟೆಲ್‌ಗಳು

ನಮ್ಮಲ್ಲಿ ಯಾರಾದರೂ ಹೋಟೆಲ್ ಹಾಕಲು ಜಾಗ ನೋಡಿದ್ದಾರೆ ಎಂದರೆ ಎಲ್ಲರ ಬಾಯಿಂದ ಬರುವ ಮೊದಲ ಪ್ರಶ್ನೆ ಒಂದೇ: ‘‘ಎಷ್ಟು ಟೇಬಲ್ ಬೀಳ್ತದೆ?’’ ಎರಡನೆಯದು ಪಾರ್ಕಿಂಗ್. ಮೂರನೆಯದು, ‘‘ಫ್ಯಾಮಿಲಿ ರೂಮ್ ಉಂಟಲ್ವಾ?’’

ಈ ಫ್ಯಾಮಿಲಿ ರೂಮ್ ಎಂಬುದನ್ನು ಒಮ್ಮೆ ಸರಿಯಾಗಿ ನೋಡಬೇಕು. ಗಂಡಸರು ಕೂರುವ ದೊಡ್ಡ ಹಾಲ್‌ಗೆ ರಸ್ತೆ ಕಡೆಯ ಗಾಜು, ಗಾಳಿ, ಬೆಳಕು ಎಲ್ಲ ಸಿಕ್ಕಿರುತ್ತದೆ. ಉಮ್ಮ, ಮಕ್ಕಳು, ಅಜ್ಜಿಯಂದಿರು ಕೂರುವ ಕಡೆ ಪ್ಲೈವುಡ್ ಗೋಡೆ, ಒಂದು ಪರದೆ, ತಲೆ ಮೇಲೆ ಫ್ಯಾನ್. ಕಿಟಕಿ ಇಲ್ಲ. ಇದ್ದರೂ ಅದು ಅಡುಗೆಮನೆಯ ಎಕ್ಸಾಸ್ಟ್ ಕಡೆಗೆ. ಮಾಲಕರನ್ನು ಕೇಳಿದರೆ, ‘‘ಮರೆ ಬೇಕಲ್ವಾ, ಅದಕ್ಕೇ’’ ಎನ್ನುತ್ತಾರೆ. ಮರೆ ಬೇಕು, ಸರಿ. ಆದರೆ ಮರೆ ಬೇಕೆಂದರೆ ಪೆಟ್ಟಿಗೆಯೊಳಗೇ ಕೂರಬೇಕಾ?

ಮರೆಯೂ ಇರಬೇಕು, ಗಾಳಿಯೂ ಬರಬೇಕು, ಕಣ್ಣೆದುರು ಹಸಿರು–ನೀರೂ ಇರಬೇಕು, ಅದೂ ನಗರದ ಒಳಗೇ ಆಗಬೇಕು ಎಂಬ ಲೆಕ್ಕವನ್ನು ಬಗೆಹರಿಸಿದ ಊರೊಂದು ಉಂಟು. ಆ ಊರು ನಮ್ಮವರಿಗೆ ಹೊಸತೇನಲ್ಲ. ಚೀನಾದ ಗುವಾಂಗ್‌ಝೌ, ಹಳೆಯ ಹೆಸರಲ್ಲಿ ಕ್ಯಾಂಟನ್. ಟೈಲ್ಸ್, ಲೈಟ್, ಬ್ಯಾಗು, ಮೊಬೈಲ್ ಬಿಡಿಭಾಗ ಎಂದು ವ್ಯಾಪಾರಕ್ಕೆ ಹೋಗಿಬರುವವರು ಕರಾವಳಿಯಲ್ಲೂ ಗಲ್ಫಿನಲ್ಲೂ ಬೇಕಾದಷ್ಟಿದ್ದಾರೆ. 1957ರಲ್ಲಿ ಶುರುವಾದ ಕ್ಯಾಂಟನ್ ಮೇಳ ಇಂದಿಗೂ ವರ್ಷಕ್ಕೆರಡು ಸಲ, ವಸಂತದಲ್ಲೊಮ್ಮೆ, ಶರತ್ತಿನಲ್ಲೊಮ್ಮೆ ನಡೆಯುತ್ತದೆ. ಹಾಗೆ ಹೋದವರಲ್ಲಿ ಹಲವರು ಉಳಿದುಕೊಳ್ಳುವುದು ಶಾವ್‌ಬೇಯ್ ಎಂಬ ಪ್ರದೇಶದಲ್ಲಿ. ಅರಬರು, ಆಫ್ರಿಕಾದವರು, ನಮ್ಮ ಕಡೆಯವರು ಎಲ್ಲ ಸೇರುವ ಜಾಗ ಅದು, ಹಲಾಲ್ ಊಟ ಸಿಗುತ್ತದೆ. ಅದೇ ಶಾವ್‌ಬೇಯ್ ರಸ್ತೆಯಲ್ಲಿ ಬೇಯುವಾನ್ ಎಂಬ ಹೋಟೆಲ್ ಇದೆ. ಹೆಸರಿನ ಅರ್ಥ ‘ಉತ್ತರದ ತೋಟ’. ಹೊರಗಿನ ಗೋಡೆ ನೋಡಿದರೆ ಒಳಗೆ ಏನಿದೆ ಎಂದು ಸುಲಭಕ್ಕೆ ಗೊತ್ತಾಗುವುದಿಲ್ಲ. ಒಳಗೆ ಕೊಳ, ಅದರ ಸುತ್ತ ಊಟದ ಕೋಣೆಗಳು, ಕೋಣೆಯಿಂದ ಕೋಣೆಗೆ ಮಾಡು ಹಾಕಿದ ನಡಿಗೆದಾರಿ.

ಇದನ್ನು ಈ ರೂಪಕ್ಕೆ ತಂದವರು ಮೋ ಬೋಝಿ. 1915ರಲ್ಲಿ ಹುಟ್ಟಿ 2003ರಲ್ಲಿ ತೀರಿಕೊಂಡ ಇವರು ಮೂಲತಃ ಸಿವಿಲ್ ಇಂಜಿನಿಯರಿಂಗ್ ಓದಿದವರು. 1950ರ ದಶಕದಲ್ಲಿ ಶಿಯಾ ಚಾಂಗ್‌ಶಿ ಎಂಬ ವಾಸ್ತುಶಿಲ್ಪಿಯ ಜೊತೆ ಸೇರಿ ಗುವಾಂಗ್‌ಡಾಂಗ್ ಪ್ರಾಂತದ ಹಳೆಯ ಮನೆತೋಟಗಳನ್ನು ಒಂದೊಂದಾಗಿ ಹೋಗಿ ಅಳೆದರು, ಚಿತ್ರ ಬರೆದರು, ಅಧ್ಯಯನ ಮಾಡಿದರು. ಚೀನೀ ತೋಟ ಎಂದರೆ ಎಲ್ಲರೂ ಸುಝೌ ಹೆಸರು ಹೇಳುವ ಕಾಲ. ಈಗಲೂ ಹಾಗೆಯೇ, ಸುಝೌ ತೋಟಗಳು 1997ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದವು. ಆದರೆ ದಕ್ಷಿಣದ ತೋಟಗಳ ರೀತಿ ಬೇರೆ. ‘ಲಿಂಗ್ನಾನ್’, ಅಂದರೆ ಬೆಟ್ಟಸಾಲಿನ ದಕ್ಷಿಣ ಸೀಮೆ. ಅಲ್ಲಿ ಸೆಕೆ, ಮಳೆ, ಗಾಳಿಯಲ್ಲಿ ತೇವ. ಬಾಳೆ, ಬಿದಿರು, ಆಲ, ದೇವಕಣಗಿಲೆ ಬೆಳೆಯುವ ನೆಲ. ಓದುತ್ತಾ ಹೋದರೆ ನಮ್ಮ ಉಳ್ಳಾಲ, ಪಾಣೆಮಂಗಳೂರು ಕಡೆಯ ಮನೆಯಂಗಳದ ವರ್ಣನೆಯೇನೋ ಅನಿಸುತ್ತದೆ. ಅಲ್ಲಿಯ ತೋಟಗಳು ಗಾತ್ರದಲ್ಲಿ ಚಿಕ್ಕವು, ಮನೆಗೆ ಅಂಟಿಕೊಂಡಂತೆ ಇರುವಂಥವು. ಅಡ್ಡಾಡುವುದಕ್ಕಿಂತ ಕೂತು ಗಾಳಿ ತಗೊಳ್ಳಲು ಮಾಡಿದ್ದು. ಡೊಂಗ್‌ಗುವಾನ್‌ನ ಕೆಯುವಾನ್ ತೋಟ ಮನೆಯೂ ಸೇರಿ ಅರ್ಧ ಎಕರೆ ಚಿಲ್ಲರೆ ಜಾಗದಲ್ಲಿ ನಿಂತಿದೆ.

ಮೋ ಅವರು ಈ ಮನೆತೋಟಗಳನ್ನು ನೋಡುತ್ತಿದ್ದ ಹೊತ್ತಿಗೇ ಅವುಗಳಲ್ಲಿ ಹಲವು, ಜೊತೆಗೆ ಗುವಾಂಗ್‌ಝೌನ ಪಶ್ಚಿಮ ಬಡಾವಣೆ ಶಿಗುವಾನ್‌ನ ದೊಡ್ಡ ವರ್ತಕರ ಮನೆಗಳು, ಒಡೆದು ಬೀಳುತ್ತಿದ್ದವು. ಕೆತ್ತನೆಯ ಬಾಗಿಲು, ಜಾಲಿ ಪರದೆ, ಬಣ್ಣದ ಗಾಜಿನ ಕಿಟಕಿ ಎಲ್ಲ ಹಳೆ ಮರದ ಅಂಗಡಿಗೆ ಬಂದು ಸೌದೆಯ ಜೊತೆ ರಾಶಿ ಬೀಳುತ್ತಿತ್ತು. ಮೋ ಅದನ್ನು ಆರಿಸಿ ಆರಿಸಿ ಕೊಂಡರು. ನಂತರ ಬೇಯುವಾನ್ ಹೋಟೆಲಿನ ಕೋಣೆಗಳನ್ನು ಆ ಬಾಗಿಲು–ಕಿಟಕಿಗಳಿಗೆ ಹೊಂದಿಸಿ ಬರೆದರು. ಸಾಮಾನ್ಯವಾಗಿ ಇಂಜಿನಿಯರ್ ಗೋಡೆ ಬರೆದು ಆಮೇಲೆ ಬಾಗಿಲು ಮಾಡಿಸುತ್ತಾನೆ. ಇಲ್ಲಿ ಬಾಗಿಲು ಮೊದಲು ಬಂತು, ಗೋಡೆ ಆಮೇಲೆ. ಹೊಸದಾಗಿ ಕೆತ್ತಿಸಿದ್ದರೆ ಆಗುತ್ತಿದ್ದ ಖರ್ಚಿಗೆ ಹೋಲಿಸಿದರೆ ಇದು ಅಗ್ಗ. ಸರಕಾರದ ಕೈಯಲ್ಲಿ ಹಣ ಇಲ್ಲದ ಕಾಲದಲ್ಲಿ ಅದೂ ಒಂದು ದೊಡ್ಡ ಕಾರಣ.

ಬೇಯುವಾನ್ ಜನರಿಗೆ ಹಿಡಿಸಿತು. ಅದರ ಬೆನ್ನಿಗೇ ಬಂದದ್ದು ಪಾನ್‌ಶಿ ಹೋಟೆಲ್. ನಮ್ಮ ಲೆಕ್ಕದಲ್ಲಿ ಇದೇ ಹೆಚ್ಚು ಕಲಿಯಬೇಕಾದ ಉದಾಹರಣೆ.

ಪಾನ್‌ಶಿ ಎಂದರೆ ಒಂದು ತೋಡಿನ ಹೆಸರು. ಊರ ಪಶ್ಚಿಮ ಅಂಚಿನ ಪಾನ್‌ತಾಂಗ್ ಎಂಬಲ್ಲಿ ಹಿಂದೆ ಕೆರೆ, ತಾವರೆ ಗದ್ದೆ, ಲಿಚಿ ಮರಗಳಿದ್ದವು. ಅಲ್ಲಿ 1947ರಲ್ಲಿ ಲಿ ವೆನ್‌ಲುನ್ ಎಂಬವರು ಬಿದಿರು–ಮರ ಕಟ್ಟಿ ಹಳ್ಳಿಯ ರೀತಿಯ ಒಂದು ಸಾದಾ ಊಟದಂಗಡಿ ಹಾಕಿದರು. ನಮ್ಮಲ್ಲಿ ಹೊಳೆ ಬದಿಯಲ್ಲಿ ಮಡಲು ಹೊದಿಸಿದ ಮೀನೂಟದ ಅಂಗಡಿ ಇರುತ್ತದಲ್ಲ, ಆ ಥರ. 1958ರಲ್ಲಿ ಪಕ್ಕದ ತಗ್ಗು ಜಾಗವನ್ನು ಅಗೆದು ಲಿವಾನ್ ಸರೋವರ ಉದ್ಯಾನ ಮಾಡಿದರು. 1960ರ ಸುಮಾರಿಗೆ ಮೋ ಬೋಝಿ ಅದೇ ಸರೋವರದ ದಡದಲ್ಲಿ ಪಾನ್‌ಶಿಯನ್ನು ದೊಡ್ಡ ತೋಟದ ಹೋಟೆಲಾಗಿ ಮತ್ತೆ ಕಟ್ಟಿದರು. ಶಿಗುವಾನ್‌ನ ಮನೆಗಳ ಬಾಗಿಲು, ಕಿಟಕಿ, ಮರದ ಪರದೆಗಳು ಇಲ್ಲಿಯೂ ಬಂದು ಸೇರಿದವು.

ಒಳಗಿನ ಏರ್ಪಾಡು ಹೇಗೆ? ಒಂದು ದೊಡ್ಡ ಹಾಲ್ ಎಂಬುದೇ ಇಲ್ಲಿ ಮುಖ್ಯವಲ್ಲ. ಕಟ್ಟಡವನ್ನು ತುಂಡು ತುಂಡು ಮಾಡಿ ಅಂಗಳಗಳ ಸುತ್ತ ಹಂಚಿದ್ದಾರೆ. ನೂರಾರು ಜನ ಕೂರುವ ಹಾಲ್‌ಗೆ ದೊಡ್ಡ ಕೊಳ ಎದುರು. ಹತ್ತು–ಹನ್ನೆರಡು ಜನರ ಕೋಣೆಗೆ ಚಿಕ್ಕ ಅಂಗಳ, ಅದರಲ್ಲಿ ಒಂದು ಬಾಳೆ ಗಿಡ, ಎರಡು ಕಲ್ಲು. ಕೋಣೆ ಎಷ್ಟೇ ಸಣ್ಣದಾಗಲಿ ಅದಕ್ಕೊಂದು ಹಸಿರು ಮೂಲೆ ಸಿಗುವ ಹಾಗೆ ನೋಡಿಕೊಂಡಿದ್ದಾರೆ. ಟೇಬಲ್ ಲೆಕ್ಕ ಮಾಡುವವನಿಗೆ ಇಲ್ಲಿ ಹೊಟ್ಟೆ ಉರಿಯಬಹುದು. ಕೊಳ, ಅಂಗಳ, ಓಣಿ ಎಲ್ಲ ಸೇರಿ ತಿಂದ ಜಾಗದಲ್ಲಿ ಇನ್ನೆಷ್ಟು ಟೇಬಲ್ ಹಾಕಬಹುದಿತ್ತು ಎಂದು. ಆದರೆ ಇನ್ನೊಂದು ಲೆಕ್ಕವೂ ಉಂಟು: ನಡುವೆ ಅಂಗಳ ಬಂದ ಕಾರಣ ಗೋಡೆಯ ಉದ್ದ ಹೆಚ್ಚಾಯಿತು, ಗೋಡೆ ಹೆಚ್ಚಾದ್ದರಿಂದ ಕಿಟಕಿ ಹೆಚ್ಚಾಯಿತು, ಕಿಟಕಿ ಪಕ್ಕದ ಟೇಬಲ್ ಹೆಚ್ಚಾಯಿತು. ಯಾವ ಹೋಟೆಲಿಗೆ ಹೋದರೂ ಮೊದಲು ತುಂಬುವುದು ಕಿಟಕಿ ಪಕ್ಕದ ಟೇಬಲ್ ಎಂದು ಹೇಳಲು ಯಾವ ಸರ್ವೆಯೂ ಬೇಡ.

ಮರೆಯ ವಿಷಯಕ್ಕೆ ಬರೋಣ. ಚೀನೀ ತೋಟದ ಕಸುಬಿನ ಅರ್ಧ ಇರುವುದೇ ಮರೆ ಮಾಡುವುದರಲ್ಲಿ. ಬಾಗಿಲು ದಾಟಿದ ಕೂಡಲೇ ಎಲ್ಲ ಕಾಣಬಾರದು. ಒಂದು ಗೋಡೆ, ಇಲ್ಲವೇ ಕಲ್ಲಿನ ಗುಡ್ಡೆ, ಇಲ್ಲವೇ ಬಿದಿರ ಮೆಳೆ ಅಡ್ಡ ಇರಬೇಕು. ಅದನ್ನು ಸುತ್ತಿ ಹೋದಾಗ ನೀರು ಕಾಣಬೇಕು. ನೀರಿನ ಬಾಲ ಎಲ್ಲಿ ಮುಗಿಯುತ್ತದೆ ಎಂಬುದು ಸೇತುವೆಯಡಿ, ಕಟ್ಟಡದಡಿ ಅಡಗಿರಬೇಕು. ಆಗ ಸಣ್ಣ ಕೊಳವೂ ಎಲ್ಲಿಂದಲೋ ಹರಿದು ಬಂದ ಹೊಳೆಯಂತೆ ಕಾಣುತ್ತದೆ. ಕೋಣೆಗೂ ಓಣಿಗೂ ನಡುವೆ ಇರುವುದು ಇಟ್ಟಿಗೆ ಗೋಡೆ ಅಲ್ಲ, ಜಾಲಿ. ಗೋಡೆ ಇದ್ದ ಕಡೆಯೂ ಅದರಲ್ಲಿ ಕೊರೆದ ಜಾಲರಿ ಕಿಟಕಿ. ಒಳಗೆ ಕೂತವರಿಗೆ ಹೊರಗಿನ ಬೆಳಕು, ಎಲೆ, ನೀರು ಕಾಣುತ್ತದೆ. ಹೊರಗೆ ನಡೆಯುವವನಿಗೆ ಒಳಗಿನವರ ಮುಖ ಕಾಣುವುದಿಲ್ಲ, ಯಾಕೆಂದರೆ ಒಳಗೆ ಬೆಳಕು ಕಡಿಮೆ, ಹೊರಗೆ ಹೆಚ್ಚು. ನಮ್ಮ ಹಳೆ ಮನೆಗಳಲ್ಲಿ ಹೆಂಗಸರು ಜಗಲಿ ಕಡೆಯ ಮರದ ಜಾಲಿಯ ಹಿಂದೆ ಕೂತು ಅಂಗಳದಲ್ಲಿ ಯಾರು ಬಂದರು ಎಂದು ನೋಡುತ್ತಿದ್ದುದು ಇದೇ ಉಪಾಯದಲ್ಲಿ ತಾನೆ? ರಾತ್ರಿ ಹೊತ್ತು ಮಾತ್ರ ಇದು ಉಲ್ಟಾ ಆಗುತ್ತದೆ, ಒಳಗೆ ದೀಪ ಹೊರಗೆ ಕತ್ತಲು. ಅದಕ್ಕೇ ತೋಟದಲ್ಲಿ ದೀಪ ಇಡುವುದು, ಕೋಣೆಯ ದೀಪ ತಗ್ಗಿಸಿ ಟೇಬಲ್ ಮೇಲೆ ಮಾತ್ರ ಬೀಳುವ ಹಾಗೆ ಮಾಡುವುದು. ಚಂದಕ್ಕೆ ಎಂದುಕೊಳ್ಳುತ್ತೇವೆ, ಮರೆಗೂ ಹೌದು.

ಶಿಗುವಾನ್ ಮನೆಗಳ ಬಾಗಿಲಿನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಒಂದು ಬಾಗಿಲಲ್ಲ, ಮೂರು. ಹೊರಗೆ ಎದೆಮಟ್ಟದ ಎರಡು ಹೊಳಿನ ಗಿಡ್ಡ ಬಾಗಿಲು, ದಾರಿಹೋಕರ ಕಣ್ಣು ತಡೆಯಲು. ನಡುವೆ ಅಡ್ಡಕ್ಕೆ ಉರುಟು ಮರದ ಸರಳುಗಳನ್ನು ಜೋಡಿಸಿದ, ಪಕ್ಕಕ್ಕೆ ಜಾರಿಸುವ ಬಾಗಿಲು; ಕಳ್ಳ ಬರಲಾರ, ಗಾಳಿ ಬರುತ್ತದೆ. ಒಳಗೆ ರಾತ್ರಿ ಹಾಕುವ ದಪ್ಪ ಮರದ ದೊಡ್ಡ ಬಾಗಿಲು. ಹಗಲೆಲ್ಲ ದೊಡ್ಡ ಬಾಗಿಲು ತೆರೆದೇ ಇರುತ್ತದೆ. ಸೆಕೆಯ ಊರಿನವರು ಮರೆ, ಭದ್ರತೆ, ಗಾಳಿ ಮೂರನ್ನೂ ಬೇರೆ ಬೇರೆ ಮಾಡಿ ಯೋಚಿಸಿದ್ದರು. ನಾವು ಮೂರಕ್ಕೂ ಒಂದೇ ಪ್ಲೈವುಡ್ ಹಾಕಿ ಏಸಿ ಕೂರಿಸುತ್ತೇವೆ.

ಆ ಮನೆಗಳ ಇನ್ನೊಂದು ಸಂಪತ್ತು ಬಣ್ಣದ ಗಾಜು. ಕೆಂಪು, ನೀಲಿ, ಹಳದಿ, ಹಸಿರು ಗಾಜಿನ ಚೌಕಗಳನ್ನು ಮರದ ಚೌಕಟ್ಟಿನಲ್ಲಿ ಜೋಡಿಸಿ, ಕೆಲವದರ ಮೇಲೆ ಹೂವು–ಹಣ್ಣಿನ ಚಿತ್ರ ಕೊರೆದು ಮಾಡಿದ ಕಿಟಕಿಗಳು. ಗಾಜು ಸಮುದ್ರದ ಮೇಲೆ ಯುರೋಪಿನಿಂದ ಬಂದದ್ದು, ಕೆಲಸ ಕ್ಯಾಂಟನ್ನಿನ ಕುಶಲಿಗಳದ್ದು. ಪಾನ್ಯು ಎಂಬಲ್ಲಿರುವ ಯುಯಿನ್ ಮನೆತೋಟದಲ್ಲಿ ಒಂದು ಕೋಣೆಯ ನೀಲಿ ಗಾಜಿನ ಮೂಲಕ ನೋಡಿದರೆ ಹೊರಗಿನ ತೋಟಕ್ಕೆ ಹಿಮ ಬಿದ್ದ ಹಾಗೆ ಕಾಣುತ್ತದೆ. ಹಿಮ ಎಂದರೇನೆಂದೇ ಗೊತ್ತಿಲ್ಲದ ಸೆಕೆಯೂರಲ್ಲಿ ಕೂತು ಹಿಮ ನೋಡುವ ಆಸೆ. ಪಾನ್‌ಶಿಯಲ್ಲಿ ಊಟಕ್ಕೆ ಕೂತವರ ಟೇಬಲ್ ಮೇಲೆ ಬೀಳುವುದು ಇಂಥ ಕಿಟಕಿಗಳಿಂದ ಬಂದ ಬಿಸಿಲು.

ಅಡುಗೆಮನೆ ಎಲ್ಲಿ?

ಚಂದದ ಮಾತು ಸಾಕು, ಹೋಟೆಲ್ ನಡೆಸುವವರ ಪ್ರಶ್ನೆಗೆ ಬರೋಣ. ಕೋಣೆಗಳನ್ನು ಹೀಗೆ ಚದುರಿಸಿದರೆ ಸಪ್ಲಾಯರ್ ಎಷ್ಟು ನಡೆಯಬೇಕು? ಬಿಸಿ ಊಟ ತಣ್ಣಗಾಗುವುದಿಲ್ವಾ? ಮಳೆ ಬಂದರೆ?

ತೋಟದ ಹೋಟೆಲ್ ಸೋಲುವುದಿದ್ದರೆ ಸೋಲುವುದು ಇಲ್ಲೇ. ಉತ್ತರ ಇರುವುದು ಮಾಡು ಹಾಕಿದ ನಡಿಗೆದಾರಿಯಲ್ಲಿ. ಹಳೆಯ ಚೀನೀ ತೋಟಗಳಲ್ಲಿ ಇದು ಮಳೆಗೆ ನೆನೆಯದೆ ತೋಟ ಸುತ್ತಲು ಮಾಡಿದ್ದು. ಹೋಟೆಲಿನಲ್ಲಿ ಅದೇ ಊಟ ಸಾಗಿಸುವ ದಾರಿಯೂ ಆಗುತ್ತದೆ. ಅಡುಗೆಮನೆಯನ್ನು ಮೂಲೆಗೆ ತಳ್ಳದೆ, ಎಲ್ಲ ಕೋಣೆಗಳಿಗೂ ಹೆಚ್ಚು ಕಡಿಮೆ ಅಷ್ಟೇ ದೂರ ಇರುವಲ್ಲಿ ಇಟ್ಟು, ಗಾಳಿ ಹೊರಡುವ ದಿಕ್ಕು ನೋಡಿ ಹೊಗೆ ಬಿಡಬೇಕು. ಅತಿಥಿಗಳ ದಾರಿ ಬಳಸಿ ಬಳಸಿ ಹೋಗಲಿ, ಊಟದ ದಾರಿ ನೇರ ಇರಲಿ. ಎರಡೂ ಒಂದನ್ನೊಂದು ಕಡಿಯುವ ಜಾಗ ಕಡಿಮೆಯಾದಷ್ಟೂ ಒಳ್ಳೆಯದು. ಶಾಂಘೈಯ ಯುಯುವಾನ್ ತೋಟದ ಹೊರಗೆ ಕೊಳದ ನಡುವೆ ಹುಶಿನ್‌ಟಿಂಗ್ ಎಂಬ ಚಾದ ಮಂಟಪ ಇದೆ. 1784ರಲ್ಲಿ ಕಟ್ಟಿದ್ದು, 1855ರಿಂದ ಚಾದಂಗಡಿ. ಅದಕ್ಕೆ ಹೋಗಲು ಒಂಬತ್ತು ತಿರುವಿನ ಸೇತುವೆ. ಭೂತಗಳು ನೇರ ಮಾತ್ರ ನಡೆಯುತ್ತವಂತೆ, ತಿರುವು ಇದ್ದರೆ ದಾಟಲಾರವಂತೆ ಎಂದು ಜನ ಕತೆ ಹೇಳುತ್ತಾರೆ. ನಮಗೆ ಆ ಕತೆ ಬೇಡ. ಪ್ರತಿ ತಿರುವಿನಲ್ಲೂ ಬೇರೆ ಕಡೆ ಮುಖ ಮಾಡುವುದರಿಂದ ಕೊಳ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ನಡಿಗೆ ನಿಧಾನವಾಗುತ್ತದೆ. ಕಾರಣ ಅಷ್ಟೇ ಸಾಕು. ಚಾ ಕುಡಿಯಲು ಬಂದವನಿಗೆ ಆ ಸೇತುವೆ ಚಂದ. ಕೈಯಲ್ಲಿ ಹತ್ತು ಪ್ಲೇಟ್ ಬಿರಿಯಾನಿ ಹಿಡಿದ ಹುಡುಗನಿಗೆ ಅಂಥ ಸೇತುವೆ ಕೊಟ್ಟರೆ ಅವನು ತಿಂಗಳಲ್ಲಿ ಕೆಲಸ ಬಿಟ್ಟು ಹೋಗುತ್ತಾನೆ.

ಗಾಳಿಗೆ ಇನ್ನೊಂದು ಉಪಾಯ, ತಂಪು ಓಣಿ. ಎರಡು ಎತ್ತರದ ಗೋಡೆಗಳ ನಡುವೆ ಬಿಸಿಲು ಬೀಳದಷ್ಟು ಕಿರಿದಾದ ದಾರಿ. ಅದರೊಳಗಿನ ಗಾಳಿ ತಂಪಾಗಿಯೇ ಉಳಿಯುತ್ತದೆ. ಅಂಗಳದ ಬಿಸಿ ಗಾಳಿ ಮೇಲೇರಿದಾಗ ಓಣಿಯ ತಂಪು ಗಾಳಿ ಕೋಣೆಯ ಮೂಲಕ ಎಳೆದುಕೊಂಡು ಬರುತ್ತದೆ. ಗುವಾಂಗ್‌ಝೌನ ಹಳೆ ಮನೆಗಳಲ್ಲಿ ಕರೆಂಟೇ ಇಲ್ಲದ ಕಾಲದಿಂದ ನಡೆದು ಬಂದ ಪದ್ಧತಿ ಇದು. ವಿದ್ಯುತ್ ಬಿಲ್ಲು ಕಟ್ಟುವವರು ಇದನ್ನು ಎರಡು ಸಲ ಓದಬೇಕು.

ಊಟದ ಬಗ್ಗೆ ಹೇಳದಿದ್ದರೆ ನಮ್ಮ ಪುಟದ ಓದುಗರು ಬಿಡುವುದಿಲ್ಲ. ಕ್ಯಾಂಟನ್ನಿನವರಿಗೆ ಬೆಳಗ್ಗೆ ಚಾಕ್ಕೆ ಹೋಗುವುದೇ ಒಂದು ಬದುಕು. ಒಂದು ಮುಚ್ಚಳದ ಕಪ್ಪು ಚಾ, ಎರಡು ತಿಂಡಿ. ಅಷ್ಟು ಹೇಳಿ ವಯಸ್ಸಾದವರು ಪೇಪರ್ ಹಿಡಿದು ಗಂಟೆಗಟ್ಟಲೆ ಕೂರುತ್ತಾರೆ. ಆದಿತ್ಯವಾರ ಇಡೀ ಕುಟುಂಬ. ತಿಂಡಿ ಹಬೆಯಲ್ಲಿ ಬೇಯಿಸಿ ಬಿದಿರಿನ ಪುಟ್ಟ ಪೆಟ್ಟಿಗೆಯಲ್ಲಿ ಬರುತ್ತದೆ. ನಮ್ಮ ಪಿಂಡಿಗೆ ದೂರದ ನೆಂಟರು ಎಂದರೂ ನಡೆಯುತ್ತದೆ. ಪಾನ್‌ಶಿಯ ತಿಂಡಿ ಬಾಣಸಿಗ ಲುವೋ ಕುನ್ ಸೀಗಡಿ ತುಂಬಿದ ಕಡುಬನ್ನು ಹುಲ್ಲಿನ ಮೇಲೆ ಕೂತ ಬಿಳಿ ಮೊಲದ ಆಕಾರದಲ್ಲಿ ಮಾಡಿ ಹೆಸರಾದರು. ಆದರೆ ಅದಕ್ಕಿಂತ ನಮಗೆ ಹಿಡಿಸಿದ್ದು ಇನ್ನೊಂದು. ಪಾನ್‌ತಾಂಗ್‌ನ ನೀರು ಗದ್ದೆಯಲ್ಲಿ ಹಿಂದೆ ಬೆಳೆಯುತ್ತಿದ್ದ ಐದು ಬೆಳೆಗಳಿಗೆ ಊರಿಡೀ ಹೆಸರು: ತಾವರೆ ಗೆಡ್ಡೆ, ನೀರಿನ ಒಂದು ಸಿಹಿ ಗೆಡ್ಡೆ, ಸಿಂಗಾಡೆ ಕಾಯಿ, ಬಾಣದಾಕಾರದ ಎಲೆಯ ಇನ್ನೊಂದು ಗೆಡ್ಡೆ, ನೀರುಹುಲ್ಲಿನ ಎಳೆ ಕಾಂಡ. ಆ ಸಿಹಿ ಗೆಡ್ಡೆಯ ಹಿಟ್ಟಿನಿಂದ ಮಾಡುವ, ಆಚೆ ಬದಿ ಕಾಣುವಷ್ಟು ತಿಳಿಯಾದ ಹಲ್ವದಂಥ ಸಿಹಿ ತಿಂಡಿ ಪಾನ್‌ಶಿಯ ಗುರುತೇ ಆಗಿಬಿಟ್ಟಿದೆ. ತೋಟದ ನೀರಿಗೂ ತಟ್ಟೆಗೂ ಹೀಗೆ ಸಂಬಂಧ ಕಟ್ಟಿದ್ದಾರೆ. ಹೋಗುವವರಿಗೆ ಒಂದು ಮಾತು: ಬೇಯುವಾನ್ ಆಗಲಿ ಪಾನ್‌ಶಿ ಆಗಲಿ ಕ್ಯಾಂಟನ್ ಅಡುಗೆಯ ಹೋಟೆಲ್‌ಗಳು, ಹಂದಿ ಮಾಂಸ ಧಾರಾಳ ಬಳಕೆ. ತೋಟ ನೋಡಿ, ಚಾ ಕುಡಿಯಿರಿ. ಊಟಕ್ಕೆ ಶಾವ್‌ಬೇಯ್‌ನ ಹಲಾಲ್ ಅಂಗಡಿಗಳಿವೆ.

ಮೋ ಬೋಝಿಯವರ ಕೆಲಸ ಅಲ್ಲಿಗೇ ನಿಲ್ಲಲಿಲ್ಲ. 1983ರಲ್ಲಿ ಗುವಾಂಗ್‌ಝೌನ ಶಾಮಿಯಾನ್ ದ್ವೀಪದ ಅಂಚಿನಲ್ಲಿ, ನದಿಯ ಮುಖಕ್ಕೆ, ‘ಬಿಳಿ ಹಂಸ’ ಎಂಬ ದೊಡ್ಡ ಹೋಟೆಲ್ ತೆರೆಯಿತು. ಹಾಂಕಾಂಗ್‌ನ ಉದ್ಯಮಿ ಹೆನ್ರಿ ಫೋಕ್ ಹಣ ಹಾಕಿದ್ದರು. ವಿನ್ಯಾಸ ಶೆ ಜುನ್ನಾನ್ ಮತ್ತು ಮೋ ಅವರದ್ದು. ಬಹುಮಹಡಿ ಕಟ್ಟಡ, ಅಂಗಳ ಎಲ್ಲಿಂದ ತರುವುದು? ಒಳಗೇ ತಂದರು. ಹಲವು ಮಹಡಿ ಎತ್ತರದ ಒಳಾಂಗಣದಲ್ಲಿ ಬಂಡೆ, ಬಂಡೆಯ ನೆತ್ತಿಯಲ್ಲಿ ಮಂಟಪ, ಅಲ್ಲಿಂದ ಧುಮುಕುವ ನೀರು, ಕೆಳಗೆ ಕೊಳ, ಬಾಗಿದ ಸೇತುವೆ. ಬಂಡೆಯ ಮೇಲೆ ಕೆತ್ತಿದ ಅಕ್ಷರಗಳ ಅರ್ಥ ‘ಹುಟ್ಟೂರಿನ ನೀರು’. ಹೊರದೇಶಗಳಲ್ಲಿ ದುಡಿದು ದಶಕಗಳ ನಂತರ ಊರಿಗೆ ಕಾಲಿಟ್ಟ ಕ್ಯಾಂಟನ್ನಿನ ಜನರು ಅದರ ಮುಂದೆ ನಿಲ್ಲುತ್ತಿದ್ದರು. ಗಲ್ಫಿನಿಂದ ಎರಡು ವರ್ಷಕ್ಕೊಮ್ಮೆ ಬಂದು ಬಜ್ಪೆಯಲ್ಲಿ ಇಳಿದು ಹೊರಗೆ ಮಳೆ ವಾಸನೆ ಮೂಸುವ ನಮ್ಮ ಹುಡುಗರಿಗೆ ಈ ಹೆಸರನ್ನು ವಿವರಿಸಬೇಕಾಗಿಲ್ಲ. ಇನ್ನೊಂದು ವಿಶೇಷ, ಬೇರೆ ದೊಡ್ಡ ಹೋಟೆಲ್‌ಗಳು ಸ್ಥಳೀಯರನ್ನು ಬಾಗಿಲಲ್ಲೇ ತಡೆಯುತ್ತಿದ್ದ ಕಾಲದಲ್ಲಿ ಇಲ್ಲಿ ಊರ ಸಾಮಾನ್ಯ ಜನರಿಗೂ ಬಾಗಿಲು ತೆರೆದಿತ್ತು. ರೂಮ್ ಹಿಡಿಯುವ ಶಕ್ತಿ ಇಲ್ಲದವರೂ ಆ ನೀರು ನೋಡಲು ಗುಂಪುಗುಂಪಾಗಿ ಬಂದರು.

ಹಾಂಕಾಂಗ್‌ನಲ್ಲಿ 2006ರಲ್ಲಿ ತೆರೆದ ನಾನ್ ಲಿಯನ್ ತೋಟದಲ್ಲಂತೂ ಸಸ್ಯಾಹಾರಿ ಹೋಟೆಲನ್ನು ಜಲಪಾತದ ಹಿಂದೆಯೇ ಇಟ್ಟಿದ್ದಾರೆ. ಕಿಟಕಿಯ ಹೊರಗೆ ನೀರಿನ ಪರದೆ. ನಗರದ ಗದ್ದಲ ಅದರ ಸದ್ದಿನಲ್ಲಿ ಮುಳುಗಿ ಹೋಗುತ್ತದೆ. ಜಾಗ ಕಡಿಮೆ ಎನ್ನುವವರು ನ್ಯೂಯಾರ್ಕ್ ನೋಡಬಹುದು. ಅಲ್ಲಿನ ಮೆಟ್ರೊಪಾಲಿಟನ್ ಮ್ಯೂಸಿಯಂನವರು ಸುಝೌನ ಒಂದು ತೋಟದ ಅಂಗಳವನ್ನು ಮಾದರಿಯಾಗಿಟ್ಟು, ಸುಝೌ ಕುಶಲಿಗಳನ್ನೇ ಕರೆಸಿ, ಕಟ್ಟಡದೊಳಗೆ ಪೂರ್ತಿ ಅಂಗಳ ಮಾಡಿಸಿದ್ದಾರೆ. 1981ರಲ್ಲಿ ತೆರೆದದ್ದು.

ಡ್ರ್ಯಾಗನ್ ಬೇಡ

ನಮ್ಮ ಊರುಗಳಲ್ಲಿ ‘ಚೈನೀಸ್ ಥೀಮ್’ ಎಂದರೆ ಏನು ಮಾಡುತ್ತಾರೆ ಎಂದು ಎಲ್ಲರೂ ಕಂಡಿದ್ದೇವೆ. ಕೆಂಪು ಪೈಂಟು, ಪ್ಲಾಸ್ಟಿಕ್ ಲಾಟೀನು, ಬಾಗಿಲಲ್ಲಿ ಫೈಬರ್ ಡ್ರ್ಯಾಗನ್, ಕೌಂಟರ್ ಮೇಲೆ ನಗುವ ಗೊಂಬೆ. ಮೂರ್ತಿ, ಗೊಂಬೆ ನಮ್ಮ ಮನೆಗಳವರಿಗೆ ಹಿಡಿಸುವುದೂ ಇಲ್ಲ. ಆದ್ದರಿಂದ ‘ಚೀನೀ ತೋಟ ನಮಗಲ್ಲ’ ಎಂದು ಬಿಟ್ಟುಬಿಡುತ್ತಾರೆ. ಹಾಗೇನೂ ಇಲ್ಲ. ಚೀನೀ ತೋಟದ ಜೀವ ಇರುವುದು ಅಂಗಳ, ಕಲ್ಲು, ನೀರು, ಗಿಡ, ಗೋಡೆ ಇವುಗಳ ಜೋಡಣೆಯಲ್ಲಿ. ಶಿಆನ್ ನಗರದ ದೊಡ್ಡ ಮಸೀದಿಯನ್ನು ನೋಡಿ. 1392ರ ಹೊತ್ತಿನದು ಎನ್ನುತ್ತಾರೆ. ಒಂದರ ಹಿಂದೆ ಒಂದರಂತೆ ಅಂಗಳಗಳು, ಕಲ್ಲಿನ ಕಮಾನು, ಮರದ ಮಂಟಪ, ಮರಗಳ ನೆರಳು ದಾಟಿ ಪಶ್ಚಿಮಕ್ಕೆ, ಕಿಬ್ಲಾ ಕಡೆಗೆ, ನಮಾಝಿನ ಹಾಲ್ ತಲುಪುತ್ತೀರಿ. ತೋಟ ಕಟ್ಟುವ ಆ ಭಾಷೆ ಮಸೀದಿಗೂ ಒಗ್ಗಿತು, ಮನೆಗೂ ಒಗ್ಗಿತು, ಹೋಟೆಲಿಗೂ ಒಗ್ಗಿತು.

ತೋಟದ ಕಸುಬಿನ ಬಗ್ಗೆ ಚೀನಾದಲ್ಲಿ ಬಂದ ಹೆಸರಾಂತ ಹಳೆಯ ಪುಸ್ತಕ ಜಿ ಚೆಂಗ್ ಎಂಬವರ ‘ಯುವಾನ್ ಯೆ’, 1630ರ ದಶಕದ್ದು. ಅದರಲ್ಲಿ ಒತ್ತಿ ಹೇಳಿದ ಒಂದು ಉಪಾಯವನ್ನು ನಾವು ‘ಎರವಲು ನೋಟ’ ಎನ್ನಬಹುದು. ನಿನ್ನ ಗೋಡೆಯ ಆಚೆ ಇರುವ ಬೆಟ್ಟ, ಮರ, ಗೋಪುರ, ನೀರು ಏನೇ ಇರಲಿ, ಅದನ್ನು ನಿನ್ನ ಕಿಟಕಿಗೆ ಎರವಲು ತಗೋ. ಬಾಡಿಗೆ ಇಲ್ಲ. ಪಾನ್‌ಶಿ ಹಾಗೆ ಎರವಲು ತಂದದ್ದು ಇಡೀ ಲಿವಾನ್ ಸರೋವರವನ್ನು. ನೇತ್ರಾವತಿ, ಫಲ್ಗುಣಿ ದಡದಲ್ಲೇ ಹೋಟೆಲ್ ಕಟ್ಟಿ ನದಿ ಕಡೆಗೆ ಜನರೇಟರ್ ಮತ್ತು ಪಾತ್ರೆ ತೊಳೆಯುವ ಕಟ್ಟೆ ಇಡುವವರಿಗೆ ಇದನ್ನು ಯಾರಾದರೂ ಓದಿ ಹೇಳಬೇಕು.

ಕಲ್ಲಿನ ವಿಷಯದಲ್ಲಿ ಅಲ್ಲಿಯವರು ಹುಚ್ಚರೇ ಸರಿ. ಸುಝೌ ಕಡೆ ತಾಯ್ ಸರೋವರದ ತೂತುತೂತಾದ ಸುಣ್ಣಕಲ್ಲು ಬೇಕು; ಗುವಾಂಗ್‌ಡಾಂಗ್‌ನಲ್ಲಿ ಯಿಂಗ್‌ದೆ ಎಂಬಲ್ಲಿಯ ಚೂಪು ಅಂಚಿನ ಕಲ್ಲು, ಇಲ್ಲವೇ ಮೇಣದಂತೆ ಹೊಳೆಯುವ ಹಳದಿ ಕಲ್ಲು. ಚಿಕ್ಕ ಚಿಕ್ಕ ಕಲ್ಲುಗಳನ್ನು ಗಾರೆಯಲ್ಲಿ ಹೊಂದಿಸಿ ಗುಡ್ಡ ಮಾಡುತ್ತಾರೆ. ಅದನ್ನು ಇಲ್ಲಿಗೆ ಹಡಗಿನಲ್ಲಿ ತರಿಸುವವರು ಇದ್ದರೆ ಅವರ ಹಣ, ಅವರ ಇಷ್ಟ. ನಮ್ಮಲ್ಲಿ ತೂತು ಬಿದ್ದ ಕಲ್ಲಿಗೇನು ಬರ? ಮುರಕಲ್ಲಿನ ಹಳೆ ಕೋರೆಗೆ ಹೋದರೆ ಮಳೆ ಕೊರೆದು ಬಿಟ್ಟ ತುಂಡುಗಳು ಬೇಕಾದ ಆಕಾರದಲ್ಲಿ ಬಿದ್ದಿರುತ್ತವೆ. ಒಂದು ಮಳೆಗಾಲ ಕಳೆದರೆ ಪಾಚಿ ತಾನಾಗಿ ಹಿಡಿಯುತ್ತದೆ.

ಮಳೆಯ ಮಾತು ಬಂತು. ಗುವಾಂಗ್‌ಝೌನಲ್ಲಿ ವರ್ಷಕ್ಕೆ ಸುಮಾರು 1,800 ಮಿ.ಮೀ. ಮಳೆ, ಮಂಗಳೂರಲ್ಲಿ ಅದರ ಎರಡು ಪಟ್ಟಿನ ಹತ್ತಿರ, ಅದೂ ಬಹುಪಾಲು ನಾಲ್ಕೇ ತಿಂಗಳಲ್ಲಿ. ಆದ್ದರಿಂದ ಅಲ್ಲಿಯ ನಕ್ಷೆಯನ್ನು ಹಾಗೇ ಎತ್ತಿ ತಂದರೆ ಜೂನ್‌ನಲ್ಲಿ ಕೊಳ ಊಟದ ಕೋಣೆಗೆ ಬರುತ್ತದೆ. ಕೊಳದ ತುಂಬಿ ಹರಿಯುವ ದಾರಿಯನ್ನು ಮೊದಲು ಬರೆಯಬೇಕು, ಕೊಳವನ್ನು ಆಮೇಲೆ. ನಡಿಗೆದಾರಿಯ ಮಾಡು ನಮ್ಮ ಹಂಚಿನ ಮನೆಗಳ ಹಾಗೆ ಮುಂದಕ್ಕೆ ಚಾಚಿಕೊಂಡಿರಬೇಕು, ಇಲ್ಲವಾದರೆ ಇರಚಲಿಗೆ ಅತಿಥಿಯೂ ಊಟವೂ ಒದ್ದೆ.

ಸೊಳ್ಳೆ? ಮಲೇರಿಯಾ, ಡೆಂಗಿ ಕಂಡ ಊರಲ್ಲಿ ಈ ಪ್ರಶ್ನೆ ಕೇಳದೆ ಕೊಳ ತೋಡುವುದು ತಪ್ಪು. ಸೊಳ್ಳೆ ಮೊಟ್ಟೆಯಿಡುವುದು ನಿಂತ ನೀರಿನಲ್ಲಿ. ಕೊಳದ ನೀರು ಸಣ್ಣ ಪಂಪಿನಿಂದ ಹಗಲು ರಾತ್ರಿ ತಿರುಗುತ್ತಿರಬೇಕು. ಅದರಲ್ಲಿ ಗಪ್ಪಿ ಮೀನು ಬಿಡಬೇಕು, ಮರಿಗಳನ್ನು ಅವು ತಿಂದು ಮುಗಿಸುತ್ತವೆ. ಮೀನಿರುವ, ಚಲಿಸುವ ಕೊಳಕ್ಕಿಂತ ಹೋಟೆಲ್ ಹಿಂದಿನ ಒಡೆದ ಬಕೆಟ್, ಟೈರು, ಏಸಿ ನೀರು ಬೀಳುವ ಡಬ್ಬ ಹೆಚ್ಚು ಅಪಾಯ. ಕೊಳದ ಅಂಚಿನಲ್ಲಿ ಮಕ್ಕಳು ಓಡಾಡುವ ಜಾಗದಲ್ಲಿ ಆಳ ಒಂದಡಿ ದಾಟದಿರಲಿ. ತಾವರೆಯನ್ನು ಕುಂಡದಲ್ಲಿ ನೆಟ್ಟು ಮುಳುಗಿಸಿಟ್ಟರೆ ಅದಕ್ಕಷ್ಟು ನೀರು ಸಾಕು.

ಇನ್ನು ಬಾಗಿಲುಗಳ ವಿಷಯ. ಬಂದರು ಪ್ರದೇಶದಲ್ಲಿ, ಕುದ್ರೋಳಿಯಲ್ಲಿ, ಉಳ್ಳಾಲದಲ್ಲಿ ನಮ್ಮ ಹಿರಿಯರು ಕಟ್ಟಿದ ಹಂಚಿನ ಮನೆಗಳು ಒಂದೊಂದಾಗಿ ಕೆಳಗಿಳಿದು ಫ್ಲಾಟ್ ಆಗುತ್ತಿರುವುದು ಹೊಸ ಸುದ್ದಿಯಲ್ಲ. ಪಾಲು ಮಾಡಿಕೊಳ್ಳಲು ಮನೆ ಮಾರಲೇಬೇಕಾಗುತ್ತದೆ, ಅದಕ್ಕೆ ಯಾರನ್ನೂ ದೂರಿ ಫಲವಿಲ್ಲ. ಆದರೆ ಹಲಸು–ತೇಗದ ಬಾಗಿಲುವಾಡ, ಜಗಲಿಯ ಕಂಬ, ಮರದ ಜಾಲಿ, ಮಾಡಿನ ಕೆಳಗಿನ ಗಾಳಿಕಿಂಡಿಯ ಕೆತ್ತನೆ ಎಲ್ಲವನ್ನೂ ಕೆಡವುವ ಕಂಟ್ರಾಕ್ಟರೇ ಒಯ್ಯುತ್ತಾನೆ. ಮನೆಯವರಿಗೆ ಆ ದಿನ ಅದರ ಕಡೆ ನೋಡಲು ಪುರುಸೊತ್ತಿಲ್ಲ. ಆಮೇಲೆ ಅದೇ ಕಂಬ ಬೇರೆ ಊರಿನ ರೆಸಾರ್ಟಿನಲ್ಲಿ, ಪಾಲಿಶ್ ಹೊಡೆಸಿಕೊಂಡು, ‘ಹೆರಿಟೇಜ್’ ಎಂಬ ಬೋರ್ಡಿನ ಕೆಳಗೆ ನಿಂತಿರುತ್ತದೆ. ನಮ್ಮವರೇ ದುಡ್ಡು ಕೊಟ್ಟು ಅಲ್ಲಿ ಚಾ ಕುಡಿದು ಬರುತ್ತಾರೆ.

ಹೋಟೆಲ್ ಉದ್ಯಮದಲ್ಲಿರುವವರು ನಮ್ಮಲ್ಲಿ ಎಷ್ಟು ಜನ! ಮಂಗಳೂರು, ಬೆಂಗಳೂರು, ದುಬೈ. ಮನೆ ಕೆಡವುತ್ತಾರೆ ಎಂಬ ಸುದ್ದಿ ಎಲ್ಲರಿಗಿಂತ ಮೊದಲು ತಲುಪುವುದೂ ನಮ್ಮ ನಮ್ಮ ಸಂಬಂಧದೊಳಗೇ. ಕೆಡವುವ ಮಾತುಕತೆ ಆಗುವ ದಿನವೇ ಮರದ ಸಾಮಾನನ್ನು ಬೇರೆ ಬರೆಸಿಕೊಳ್ಳಬೇಕು. ಒಂದೊಂದು ತುಂಡಿಗೂ ನಂಬರ್ ಹಾಕಿ ಫೋಟೊ ತೆಗೆದು ಬಿಚ್ಚಿಸಬೇಕು, ಯಾಕೆಂದರೆ ಹಳೆ ಬಾಗಿಲುವಾಡಗಳಲ್ಲಿ ಮೊಳೆ ಕಡಿಮೆ, ಜೋಡಣೆ ಎಲ್ಲ ಮರದ ಗೂಟದಲ್ಲಿ; ಕ್ರಮ ತಪ್ಪಿದರೆ ಮತ್ತೆ ಕೂರುವುದಿಲ್ಲ. ನೆಲಕ್ಕೆ ತಾಗದಂತೆ, ಮಳೆ ಬೀಳದ ಕಡೆ, ಗೆದ್ದಲಿನ ಮದ್ದು ಹಚ್ಚಿ ಇಡಬೇಕು. ಆಮೇಲೆ ಇಂಜಿನಿಯರನ್ನು ಕರೆದು, ಪ್ಲಾನ್ ಬರೆಯುವ ಮೊದಲು ಆ ಬಾಗಿಲುಗಳ ಅಳತೆ ಅವರ ಕೈಗೆ ಕೊಡಬೇಕು. ಜಾಗದಲ್ಲಿ ಮೊದಲೇ ಇರುವ ಮರ, ಬಾವಿ ಎಲ್ಲಿವೆ ಎಂದು ಗುರುತು ಹಾಕಿಸಬೇಕು. ಫ್ಯಾಮಿಲಿ ರೂಮ್‌ಗಳು ಆ ಮರದ ಕಡೆಗೆ ಬರಲಿ, ಜಾಲಿ ಅವಕ್ಕೇ ಮೊದಲು ಸಿಗಲಿ. ಗಂಡಸರ ಹಾಲ್‌ಗೆ ಉಳಿದದ್ದು ಸಾಕು, ಅವರಿಗೆ ಹೇಗೂ ರಸ್ತೆ ನೋಡಲು ಇಷ್ಟ.